ಗೋಡೆಗೆ ಒರಗಿದ ಕಂಬಳಿ

ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು ಆಂಡಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ, ನಿಜ. ಆದರೆ ಒಳಗಿನ ಮರದ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಅಲ್ಲಿದ್ದವರೆಲ್ಲ ದೇವರ ಮುಂದೆ ನಿಂತವರ ಹಾಗೆ ಪಿಸುಗುಟ್ಟುತ್ತಿದ್ದರು. ಯಾವುದಕ್ಕೂ ಇರಲಿ ಎಂದು ಬಿಟ್ಟ. ಅವನನ್ನು ನೋಡಿ ಹೆಂಡತಿ ಪೊನ್ನಮ್ಮಾಳೂ ಬಿಟ್ಟಳು. ಆಗ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಖಾಕಿ ಸ್ವೆಟರಿನ ಕಾವಲಿನವನು, “ಹಾಕ್ಕೊಂಡೇ ಹೋಗಿ ಅಯ್ಯಾ, ಇದೇನು ಕೋವಿಲಾ?” ಎಂದು ತಮಿಳಿನಲ್ಲಿ ನಕ್ಕ. ಹಿಂದೆ ಬರುತ್ತಿದ್ದ ಬಿಳಿಯ ಹೆಂಗಸೊಬ್ಬಳು ಇವರು ಬಗ್ಗಿ ಮತ್ತೆ ಚಪ್ಪಲಿ ಮೆಟ್ಟುವ ತನಕ ಕೊಡೆ ಹಿಡಿದುಕೊಂಡು ಕಾದಳು. ಅವಳೇನೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕೊಡೈಕಾನಲ್ಲಿನ ಆ ಚಳಿಯಲ್ಲೂ ಆಂಡಿಯ ಕಿವಿ ಬಿಸಿಯಾದವು. ಒಳಗೆ ನಾಲ್ಕು ಹೆಜ್ಜೆ ಇಟ್ಟ ಮೇಲೂ ಕಾವಲಿನವನ ಕಣ್ಣು ತನ್ನ ಬೆನ್ನಿಗೇ ಅಂಟಿದೆ ಎನ್ನಿಸುತ್ತಿತ್ತು.

ಕೈಯೆರಡನ್ನೂ ಕೋಟಿನ ಜೇಬಿಗೆ ತುರುಕಿಕೊಂಡ. ಕೋಟು ಜೆಯರಾಜನದು. ಜೆಯರಾಜ್ ಇಲ್ಲಿನ ಹೋಟೆಲೊಂದರ ಅಡುಗೆಮನೆಗೆ ಸಾಮಾನು ಕೊಳ್ಳುವವನು. ಕೆಳಗೆ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಿಂದ ಆಂಡಿಯ ತೋಟದ ಪನ್ನೀರು ದ್ರಾಕ್ಷಿ ಬುಟ್ಟಿಗಟ್ಟಲೆ ಬಸ್ಸಿನ ತಲೆ ಹತ್ತಿ ಬೆಟ್ಟ ಏರುತ್ತಿದ್ದುದು ಅವನ ಹೆಸರಿಗೇ. ಬೆಳಿಗ್ಗೆ ಗಂಡಹೆಂಡಿರ ನಡುಕ ನೋಡಿ ಇವನಿಗೊಂದು ಕೋಟು, ಅವಳಿಗೊಂದು ಶಾಲು ಕೊಟ್ಟು, ಆಸ್ಪತ್ರೆ ಮುಗಿದ ಮೇಲೆ ಸಂಜೆ ಬಸ್ಸಿನವರೆಗೆ ಸುಮ್ಮನೆ ಯಾಕೆ ಕೂರ್ತೀರಿ, ಕೆರೆ ಪಕ್ಕದ ದೊಡ್ಡ ಹಾಲ್‌ನಲ್ಲಿ ಮದರಾಸಿನ ಚಿತ್ರಗಾರರು ಮೇಳ ಹೂಡಿದ್ದಾರೆ, ದೊರೆಸಾನಿಯರೆಲ್ಲ ಹೋಗ್ತಾರೆ, ನೀವೂ ನೋಡಿ ಬನ್ನಿ, ಎಂದು ಕಳಿಸಿದ್ದ. ಕೋಟಿನ ತೋಳು ಆಂಡಿಗೆ ಬಲು ಉದ್ದ. ಬೆರಳ ತುದಿಯೂ ಹೊರಗೆ ಕಾಣುತ್ತಿರಲಿಲ್ಲ. ಅದೊಂದು ಅವನಿಗೆ ಹಿಡಿಸಿತ್ತು.

ಯಾಕೆಂದರೆ ಆಸ್ಪತ್ರೆಯ ಡಾಕ್ಟರಮ್ಮ ಬೇರೇನನ್ನೂ ಅಷ್ಟಾಗಿ ನೋಡದೆ ಅವನ ಉಗುರನ್ನು ನೋಡಿದ್ದಳು. “ಇದೇನಪ್ಪಾ ನೀಲಿ?” “ತೋಟದ ಮದ್ದುಂಗಮ್ಮಾ. ಮೈಲುತುತ್ತ. ದ್ರಾಕ್ಷಿಗೆ ಹೊಡೆಯೋದು.” “ತೊಳೆದರೆ ಹೋಗೋದಿಲ್ಲವಾ?” ಹೋಗುತ್ತದೆ ಎಂದ. ಹೋಗುವುದಿಲ್ಲ ಎನ್ನಬೇಕಿತ್ತು, ಸುಳ್ಳು ಯಾಕೆ ಬಾಯಿಗೆ ಬಂತೋ. ಆಮೇಲೆ ಅವಳು ಕಾಗದಗಳನ್ನು ತಿರುವಿ, ಇಬ್ಬರ ಮೈಯಲ್ಲೂ ಯಾವ ದೋಷವೂ ಇಲ್ಲ, ಒಂದು ಮಗು ಆಗಿತ್ತಲ್ಲ, ಇನ್ನೊಂದು ಆಗದೇ ಇರುವುದಕ್ಕೆ ಕಾರಣವೇ ಕಾಣುವುದಿಲ್ಲ, ಮನಸ್ಸನ್ನು ಹಗುರವಾಗಿ ಇಟ್ಟುಕೊಳ್ಳಿ ಎಂದಳು. ದೋಷ ಇದೆ ಎಂದಿದ್ದರೆ ಆಂಡಿಗೆ ಜೀವ ಬರುತ್ತಿತ್ತು. ಹೊರಗೆ ನೀಲಗಿರಿ ಮರದ ಕೆಳಗೆ ಪೊನ್ನಮ್ಮಾಳ್ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದವಳು ಕೇಳಿದ್ದಳು: “ಮೈಯಾಗೆ ತಪ್ಪು ಇಲ್ಲೆ ಅಂದ್ರೆ, ಮಾಮ, ತಪ್ಪು ಬೇರೆ ಎಲ್ಲಿ ಐತೆ?” ಅವಳು ಅವನ ಸೋದರತ್ತೆಯ ಮಗಳು, ಮದುವೆಗೆ ಮುಂಚೆಯೂ ಮಾಮ ಎಂದೇ ಕರೆಯುತ್ತಿದ್ದವಳು. ಆಂಡಿ, ಬಸ್ಸಿಗೆ ಇನ್ನೂ ಹೊತ್ತೈತೆ, ನಡಿ ಆ ಮೇಳ ನೋಡೂಂ, ಎಂದ. ಅವಳ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಅವನು ಈ ಹಾಲ್‌ಗೆ ಬಂದದ್ದು. ಚಿತ್ರಗಳನ್ನು ನೋಡುವ ಚಪಲ ಅವನಿಗೆ ಎಂದೂ ಇರಲಿಲ್ಲ.

ಚಿತ್ರವೆಂದರೆ ಮರ, ಮನೆ, ಮುರುಗ, ವಳ್ಳಿ, ಇಲ್ಲವೇ ಕ್ಯಾಲೆಂಡರಿನಲ್ಲಿ ಬರುವಂಥ ಗುಂಡುಗಲ್ಲದ ಕೂಸು ಇರುತ್ತದೆಂದು ಅವನು ತಿಳಿದಿದ್ದ. ಇಲ್ಲಿ ಒಂದಕ್ಕೂ ತಲೆಬುಡ ಇರಲಿಲ್ಲ. ಒಂದರಲ್ಲಿ ಬರೀ ಕೆಂಪು. ಗೋಡೆಗೆ ಎಲೆಯಡಿಕೆ ಉಗಿದ ಹಾಗೆ. ಇನ್ನೊಂದರಲ್ಲಿ ಒಂದೇ ಕಣ್ಣು, ಅದೂ ಹೊಟ್ಟೆಯ ಜಾಗದಲ್ಲಿ. ಜನ ಅದರ ಮುಂದೆ ತಲೆ ಓರೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಎತ್ತು ಕೊಳ್ಳುವವರ ಹಾಗೆ ನೋಡುತ್ತಿದ್ದರು. ಆಂಡಿಯೂ ತಲೆ ಓರೆ ಮಾಡಿದ. ಮಾಡಿದ್ದು ಯಾರಿಗೂ ಕಾಣಲಿಲ್ಲ ಎಂದು ಖಾತ್ರಿ ಮಾಡಿಕೊಂಡು ನೆಟ್ಟಗಾದ. ಪೊನ್ನಮ್ಮಾಳ್ ಮಾತ್ರ ಪಾಠ ಕೇಳುವವಳಂತೆ ಒಂದೊಂದರ ಮುಂದೆಯೂ ನಿಂತು, ಕಣ್ಣು ತುಂಬ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದಳು. ಅರ್ಥವಾಗಲಿಲ್ಲವೆಂಬ ಅವಮಾನ ಅವಳಿಗೆ ತಟ್ಟಿದ ಹಾಗೆ ಕಾಣಲಿಲ್ಲ. ಇದು ಅವಳಿಗೆ ಯಾವಾಗ ಬಂತು, ಈ ಧೈರ್ಯ, ಎಂದು ಅವನಿಗೆ ಒಳಗೊಳಗೇ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ತಿರುಗಿದವನು ಹಾಗೇ ನಿಂತುಬಿಟ್ಟ. ಎದುರಿನ ಗೋಡೆಯಲ್ಲಿ ಕಡ್ಡಿ ಕಡ್ಡಿಯಾದ ಗೆರೆಗಳು ಅಡ್ಡಡ್ಡ ಉದ್ದುದ್ದ ಹೋಗಿದ್ದವು, ದ್ರಾಕ್ಷಿಯ ಚಪ್ಪರದ ತಂತಿಗಳ ಹಾಗೆ. ಗೆರೆಗಳಿಂದ ನೀಲಿ ಬಣ್ಣ ಹನಿಹನಿಯಾಗಿ ಇಳಿದು, ಕೆಳಗೆ ಬರುತ್ತ ತೆಳುವಾಗಿ, ಒಣಗಿತ್ತು. ಹನಿಗಳ ಕೆಳಗೆ ಬೆಳ್ಳಗೆ ಖಾಲಿ ಬಿಟ್ಟ ಜಾಗ, ಜೋತುಬಿದ್ದ ಬಟ್ಟೆಯ ಆಕಾರದ್ದು. ಇದನ್ನು ಯಾರು ನೋಡಿದ್ದರು? ವರ್ಷಗಳ ಹಿಂದೆ, ಅಂದು, ತೋಟದಲ್ಲಿ ಬೇರೆ ಯಾರೂ ಇರಲಿಲ್ಲ. ಆಡಿ ತಿಂಗಳ ಗಾಳಿ ಕಣಿವೆಯಲ್ಲಿ ಹುಚ್ಚೆದ್ದು ಬೀಸುವ ದಿನಗಳು. ಆದರೂ ಅಂದು ಬೆಳಿಗ್ಗೆ ಗಾಳಿ ಸತ್ತು ಮಲಗಿತ್ತು, ಅದಕ್ಕೇ ಅವನು ಮದ್ದು ಕಲಸಿದ್ದು. ಮೈಲುತುತ್ತ, ಸುಣ್ಣ, ಅವುಗಳ ಜೊತೆ ಹೊಸದಾಗಿ ಬಂದ ಡಬ್ಬಿಯ ಔಷಧಿ. ಅದರ ಮುಚ್ಚಳ ತೆಗೆದರೆ ಕೊಳೆತ ಬೆಳ್ಳುಳ್ಳಿಯ ವಾಸನೆ. ಇದನ್ನು ಹೊಡೆಯುವಾಗ ದನಕರು, ಮಕ್ಕಳುಮರಿ ಹತ್ತಿರ ಇರಬಾರದು ಎಂದು ಮಾರಿದವನು ಹೇಳಿದ್ದ. ಹೇಳಿಲ್ಲವೆಂದು ಅನ್ನುವ ಹಾಗಿಲ್ಲ. ಚಪ್ಪರದ ಆಚೆ ತುದಿಯ ಕಲ್ಲುಕಂಬಕ್ಕೆ ಪೊನ್ನಮ್ಮಾಳ್ ಕೂಸು ವಳ್ಳಿಗೆ ತನ್ನ ಹಳೆಯ ಸೀರೆಯ ತೊಟ್ಟಿಲು ಕಟ್ಟಿದ್ದಳು. ನಾ ಹುಲ್ಲು ಕೊಯ್ದು ಬತ್ತೀನಿ, ವಳ್ಳಿ ಮಲಗವಳೆ, ಒಂದು ಕಣ್ಣು ಇಡು ಮಾಮ, ಎಂದಿದ್ದಳು. ಹೂಂ ಎಂದಿದ್ದ. ಈ ತುದಿಯಿಂದ ಹೊಡೆಯುತ್ತಾ ಹೋದರೆ ಆ ತುದಿ ಮುಟ್ಟುವಷ್ಟರಲ್ಲಿ ಅವಳು ಬಂದಿರುತ್ತಾಳೆ. ಹಾಗೆ ಅಂದುಕೊಂಡದ್ದು ನಿಜ. ಅರ್ಧ ಚಪ್ಪರ ಆಗುವಾಗ ಗಾಳಿ ಎದ್ದಿತು. ಬೆನ್ನ ಮೇಲೆ ತಣ್ಣಗೆ ಬಂದು ತಗುಲಿ, ಕೈಯ ಕೊಳವೆಯಿಂದ ಹೊರಟ ನೀಲಿ ಹೊಗೆಯನ್ನು ಎತ್ತಿಕೊಂಡು ಆ ತುದಿಗೆ ಹೋಯಿತು. ಅವನು ನೋಡಿದ. ನೋಡಿಯೂ, ಕಲಸಿದ ಮದ್ದು ಕೆಡುತ್ತದೆಂದು, ಇನ್ನು ಸ್ವಲ್ಪವೇ ಅಲ್ಲವೇ ಎಂದು, ನಿಲ್ಲಿಸಲಿಲ್ಲ.

ಪೊನ್ನಮ್ಮಾಳ್ ಆ ಚಿತ್ರದ ಮುಂದೆ ಬಂದಳು. ಆಂಡಿ ಜೇಬಿನೊಳಗೆ ಮುಷ್ಟಿ ಬಿಗಿದ. ಅವಳು ಉಳಿದವನ್ನು ನೋಡಿದಷ್ಟೇ ಹೊತ್ತು ಅದನ್ನೂ ನೋಡಿ, ಮೂಗಿನ ಮೇಲಿನ ಬೆವರನ್ನು ಒರೆಸಿಕೊಂಡು, ಮುಂದೆ ಹೋದಳು. ಈ ಚಳಿಯಲ್ಲಿ ಬೆವರು ಯಾಕೆ ಎಂದು ಅವನಿಗೆ ಆಗ ಹೊಳೆಯಲಿಲ್ಲ. ಬದುಕಿದೆ ಎಂದುಕೊಂಡ.

ಹಾಗೆ ಬದುಕಿದೆ ಎಂದುಕೊಳ್ಳುವುದು ಅವನಿಗೆ ಹೊಸದಲ್ಲ. ಅಂದು ಸಂಜೆ ವಳ್ಳಿಯ ಬಾಯಲ್ಲಿ ನೊರೆ ಬಂದು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ, ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಾಗ, ಅವನ ಅವ್ವ ಪಾಪಮ್ಮಾಳ್ ಸೊಸೆಯ ಕಡೆ ತಿರುಗಿ, “ಬಿಸಿಲಾಗೆ ಬಂದವಳು ಮೊದ್ಲು ಹಾಲು ಹಿಂಡಿ ಚೆಲ್ಲಿದಾ, ಅಂಗೇ ಊಡ್ಸಿದಾ?” ಎಂದು ಕೇಳಿದ್ದಳು. ಬಿಸಿಲಲ್ಲಿ ದುಡಿದು ಬಂದ ತಾಯಿ ಕಾದ ಹಾಲನ್ನು ಒಂದಿಷ್ಟು ನೆಲಕ್ಕೆ ಹಿಂಡದೆ ಕೂಸಿಗೆ ಮೊಲೆ ಕೊಡಬಾರದು. ಕೊಟ್ಟರೆ ಆ ಹಾಲು ವಿಷ. ಅವರ ಮನೆಗಳಲ್ಲಿ ಅದು ಹೆಣ್ಣುಮಕ್ಕಳಿಗೆ ಉಸಿರಿನಷ್ಟು ರೂಢಿ. ಆಂಡಿಗೆ ಆಗ, ಕೂಸಿನ ಹೆಣದ ಮುಂದೆಯೇ, ಹಗುರವೆನ್ನಿಸಿತು. ಬಿಡುಗಡೆಯೇ ಅದು, ಬೇರೆ ಹೆಸರಿಲ್ಲ. ಅಷ್ಟರಲ್ಲೇ ಬಿಡದೆ ಅವ್ವ, ಇಂಥವಳ ಜೊತೆ ಮಗ ಬಾಳುವುದು ಬೇಡ, ಕಟ್ಟು ಬಿಡಿಸಿ ಎಂದು ಹಿರಿಯರ ಮುಂದೆ ಹೋದಳು. ಹಿರಿಯರು ಅರಳಿಕಟ್ಟೆಯಲ್ಲಿ ಕರಿ ಕಂಬಳಿ ಹಾಸಿದರು. ಮುತ್ತಜ್ಜಂದಿರು ಕನ್ನಡ ಸೀಮೆ ಬಿಟ್ಟು ಬರುವಾಗ ಹೊದ್ದು ಬಂದದ್ದು ಎಂದು ಎಲ್ಲರೂ ನಂಬಿದ ಕಂಬಳಿ. ಅದರ ಮೇಲೆ ನೀರು ಚಿಮುಕಿಸಿ, ಚೊಂಬು ಇಟ್ಟು ಕೂತರೆಂದರೆ, ಅದನ್ನು ಮುಟ್ಟಿ ಆಡಿದ ಮಾತು ದೇವರ ಎದುರಿಗೆ ಆಡಿದ ಹಾಗೆ. ಪೊನ್ನಮ್ಮಾಳ್ ಚಪ್ಪಲಿ ಕಳಚಿ, ಮಂಡಿಯೂರಿ, ಕಂಬಳಿಯ ಅಂಚಿಗೆ ಅಂಗೈ ಊರಿ, “ನಾನೇ. ಹಿಂಡದಂಗೆ ಊಡ್ಸಿದೆ” ಎಂದಳು. ಒಪ್ಪಿಕೊಂಡವಳನ್ನು ಬಿಡುವುದು ಧರ್ಮವಲ್ಲ ಎಂದು ಹಿರಿಯರು ಕಟ್ಟು ಉಳಿಸಿದರು. ಆಂಡಿ ಆಗ ಮರದ ಹಿಂದೆ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅವನು ಇಷ್ಟು ವರ್ಷವೂ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಯಾರೂ ಕೇಳದೆ ಇದ್ದಾಗ ಹೇಳದೆ ಇದ್ದದ್ದನ್ನು ಸುಳ್ಳು ಎನ್ನಲಾಗದು. ಆದರೆ ಆ ತೊಟ್ಟಿಲ ಸೀರೆ ಏನಾಯಿತು ಎಂಬುದೊಂದು ಅವನನ್ನು ಬಿಡಲಿಲ್ಲ. ಮನೆಯ ಅಟ್ಟ, ಪೆಟ್ಟಿಗೆ, ಕೊಟ್ಟಿಗೆ, ಎಲ್ಲಾ ಕಡೆ ಕದ್ದು ಹುಡುಕಿದ್ದ. ಇರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಅದು ಎಲ್ಲೋ ಒಂದು ಕಂಬಕ್ಕೆ ಜೋತಾಡುತ್ತಿದೆ ಎನ್ನಿಸಿ, ನಿದ್ದೆಯಲ್ಲೂ ಅದರ ಗಂಟು ಕಿರುಗುಟ್ಟುವುದು ಕೇಳುತ್ತಿತ್ತು.

“ಮಾಮ.”

ಹಾಲ್‌ನ ಕೊನೆಯಲ್ಲಿ, ಕಿಟಕಿಯ ಪಕ್ಕ, ಪೊನ್ನಮ್ಮಾಳ್ ನಿಂತಿದ್ದಳು. ಅವಳ ಎದುರು, ಮೊಳೆ ತಡೆಯದಷ್ಟು ಭಾರವೆಂದೋ ಏನೋ, ಒಂದು ಚಿತ್ರವನ್ನು ಗೋಡೆಗೆ ತೂಗುಹಾಕದೆ ನೆಲದ ಮೇಲೆಯೇ ಒರಗಿಸಿಟ್ಟಿದ್ದರು. ದೂರದಿಂದ ಬರೀ ಕಪ್ಪು. ಹೋದ ವರ್ಷ ಹಿಂದಿ ಗಲಾಟೆಯಲ್ಲಿ ಕಂಬಂ ಪೇಟೆಯ ಮನೆಮನೆಗೂ ಕಟ್ಟಿದ್ದ ಕಪ್ಪು ಬಾವುಟ ಅವನ ನೆನಪಿಗೆ ಬಂತು. ಹತ್ತಿರ ಹೋದರೆ ಅದು ಬಣ್ಣವಲ್ಲ. ಕಂಬಳಿ. ಕುರಿಯ ಉಣ್ಣೆಯ ನಿಜವಾದ ಕರಿ ಕಂಬಳಿಯನ್ನು ಮರದ ಚೌಕಟ್ಟಿಗೆ ಬಿಗಿದು, ಅಂಚಿನ ಒಂದು ಭಾಗವನ್ನು ಹಾಗೇ ನೆಲದ ಮೇಲೆ ಹರಡಲು ಬಿಟ್ಟಿದ್ದರು. ಅಲ್ಲಲ್ಲಿ ಬಿಳಿಯ ಚುಕ್ಕೆ, ನೀರು ಚಿಮುಕಿಸಿದ ಹಾಗೆ. ಉಣ್ಣೆಯ ಹಸಿ ವಾಸನೆ ಬರುತ್ತಿತ್ತು.

ಪೊನ್ನಮ್ಮಾಳ್ ಚಪ್ಪಲಿ ಕಳಚುತ್ತಿದ್ದಳು.

“ಏ ಪುಳ್ಳೆ, ಬೇಡ. ಆಗಲೇ ನಕ್ಕವ್ರೆ. ಇದು ಅದಲ್ಲ,” ಎಂದ ಆಂಡಿ, ತುಟಿ ಅಲುಗಿಸದೆ.

“ಗೊತ್ತು, ಮಾಮ. ಇದು ಅದಲ್ಲ.” ಅವಳು ಚಪ್ಪಲಿಯನ್ನು ಜೋಡಿಸಿ ಪಕ್ಕಕ್ಕಿಟ್ಟಳು. “ಅದ ಮುಟ್ಟಿ ಸೊಲ್ಲೂಂ ಅಂದ್ರೆ ಹಿರೀಕರು ಕೂರ್ಬೇಕು. ನಿಮ್ಮವ್ವ ಬರ್ಬೇಕು. ಊರು ನೋಡ್ಬೇಕು. ಇದ್ರ ಮುಂದೆ ಯಾರೂ ಕೂತಿಲ್ಲೆ. ನೀ ಇದ್ದೀಯಲ್ಲ, ಸಾಕು.”

ಅವಳು ಮಂಡಿಯೂರಿ ನೆಲಕ್ಕೆ ಹರಡಿದ್ದ ಅಂಚಿನ ಮೇಲೆ ಅಂಗೈ ಊರಿದಳು. ಅಂದು ಊರಿದ್ದಂತೆಯೇ, ಬಲಗೈ, ಬೆರಳು ಅಗಲಿಸಿ. ಆಂಡಿಗೆ ಓಡಿಹೋಗಬೇಕೆನ್ನಿಸಿತು.

“ಅಂದು ನಾ ಸೊಲ್ಲಿದ್ದು ಸುಳ್ಳು,” ಎಂದಳು, ಪಕ್ಕದ ಮನೆಯವಳೊಂದಿಗೆ ಮಾತಾಡುವಷ್ಟೇ ಮೆಲ್ಲಗೆ. “ಹುಲ್ಲು ಹೊತ್ತು ಬಂದೆ. ಕಲ್ಲುಕಂಬದ ಬುಡಕ್ಕೆ ಹಾಲು ಹಿಂಡಿದೆ. ಇರುವೆ ಬಂತು, ನೋಡಿದೆ. ಆಮೇಲೇ ಕೂಸ ಎತ್ಕೊಂಡೆ. ಅದರ ಮಕ ಒದ್ದೆ ಇತ್ತು, ಮಾಮ. ಬೆವರು ಅಂದ್ಕೊಂಡು ಸೆರಗಾಗೆ ಒರೆಸಿದೆ. ಸೆರಗು ನೀಲಿ ಆಯ್ತು. ತೊಟ್ಟಿಲ ಸೀರೆನ ನಾನೇ ಕಾಲುವೆಗೆ ತಕ್ಕೊಂಡು ಹೋಗಿ ತೊಳದೆ. ಎಷ್ಟು ತೊಳದ್ರೂ ನೀಲಿ ನೀರು. ನಿನ್ನ ಯಾರಾನ ಕೇಳ್ತಾರೆ ಅಂತ ನೀರಿಗೇ ಬಿಟ್ಟೆ.”

ಇಷ್ಟು ವರ್ಷ. ಇಷ್ಟು ವರ್ಷ ಅವಳು ಗೊತ್ತಿದ್ದೇ ಅವನಿಗೆ ಗಂಜಿ ಬಡಿಸಿದ್ದಳು, ಬೆನ್ನು ತಿಕ್ಕಿದ್ದಳು, ಮದ್ದು ಹೊಡೆದು ಬಂದ ದಿನ ಹುಣಿಸೆಹಣ್ಣು ಹಚ್ಚಿ ಅವನ ಕೈ ತೊಳೆದಿದ್ದಳು. ಆ ನೀಲಿ ಬೆರಳುಗಳನ್ನು ಒಂದೊಂದಾಗಿ ಹಿಡಿದು. ಅವಳಿಂದ ತಾನು ಮರೆಮಾಡಿದ್ದೇನೆ ಎಂದುಕೊಂಡದ್ದನ್ನೆಲ್ಲ ಅವನಿಗಾಗಿ ಮರೆಮಾಡಿದ್ದವಳು ಅವಳೇ. ಕೃತಜ್ಞತೆ ಬರಬೇಕಿತ್ತು. ಬಂದದ್ದು ಹೆದರಿಕೆ, ಅದರ ಹಿಂದೆಯೇ ಒಂದು ಹೊಲಸು ಸಿಟ್ಟು: ಇವಳು ಆಗಲೇ ಹೇಳಿಬಿಟ್ಟಿದ್ದರೆ ಎಲ್ಲ ಆಗಲೇ ಮುಗಿದಿರುತ್ತಿತ್ತು.

“ಡಾಕ್ಟರಮ್ಮ ಮೈಯಾಗೆ ತಪ್ಪಿಲ್ಲೆ ಅಂದ್ಳು. ಅಂದ್ರೆ ಇದೇ. ಕಂಬಳಿ ಮುಟ್ಟಿ ಸುಳ್ಳ ಸೊಲ್ಲಿದವಳ ಹೊಟ್ಟೇಲಿ ಕೂಸು ಹೆಂಗೆ ನಿಲ್ತದೆ? ನನ್ನದ ನಾ ವಾಪಸ್ ತಕ್ಕೊಂಡೆ, ಮಾಮ.” ಅವಳು ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ದೂರೂ ಇರಲಿಲ್ಲ. ಜಾತ್ರೆಯಲ್ಲಿ ಕೈತಪ್ಪಿಹೋದವರು ಸಿಕ್ಕಾಗ ನೋಡುವ ನೋಟ. ಕಂಬಳಿಯ ಮೇಲೆ ತನ್ನ ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಇನ್ನೊಂದು ಕೈಗೆ ಜಾಗ ಆಯಿತು. “ನೀನೂ ಮುಟ್ಟು. ಏನೂ ಸೊಲ್ಬೇಡ. ಮುಟ್ಟಿದ್ರೆ ಸಾಕು. ಊರಿಗೆ ಹೋಗಿ ನಾ ಯಾರ್ಗೂ ಸೊಲ್ಲಾಕಿಲ್ಲೆ.”

ಅಷ್ಟೇ ಕೇಳಿದ್ದಳು ಅವಳು. ಆಂಡಿ ಜೇಬಿನೊಳಗೆ ಬೆರಳು ಬಿಡಿಸಿದ. ಬಿಡಿಸಿದ್ದಂತೂ ಖಂಡಿತ, ಆಮೇಲೆ ಬೆಟ್ಟ ಇಳಿಯುವಾಗ ತಿರುವು ತಿರುವಿನಲ್ಲೂ ಅದನ್ನೇ ನೆನೆದುಕೊಂಡ. ಆ ಹೊತ್ತಿಗೆ ಸರಿಯಾಗಿ ಖಾಕಿ ಸ್ವೆಟರಿನವನು ಬೂಟು ಸದ್ದು ಮಾಡುತ್ತ ಬಂದ. “ಏಮ್ಮಾ, ಏಮ್ಮಾ, ಅದನ್ನ ಮುಟ್ಟಬಾರದು. ಏಳು ಮೇಲೆ.” ಪಿಸುಗುಟ್ಟುತ್ತಿದ್ದವರೆಲ್ಲ ತಿರುಗಿದರು. ಕೊಡೆಯ ಬಿಳಿ ಹೆಂಗಸೂ ತಿರುಗಿದಳು. ನೆಲದ ಮೇಲೆ ಮಂಡಿಯೂರಿದ ಹೆಂಡತಿ, ಪಕ್ಕದಲ್ಲಿ ಜೋಡಿಸಿಟ್ಟ ಅವಳ ಸವೆದ ಚಪ್ಪಲಿ, ಕೈ ಕಾಣದ ಎರವಲು ಕೋಟಿನ ತಾನು. ಆಂಡಿ ಅವರ ಕಣ್ಣಿನಿಂದ ತನ್ನನ್ನು ನೋಡಿದ. ತಕ್ಷಣ ಅವನ ಬಾಯಿಯಿಂದ, ಬೇರೆ ಯಾರೋ ಆಡಿದ ಹಾಗೆ, ಚೊಕ್ಕ ತಮಿಳಿನಲ್ಲಿ ಮಾತು ಬಂತು:

“ಮನ್ನಿಸಬೇಕು ಸಾರ್. ಹಳ್ಳಿ ಹೆಂಗಸು. ಅವಳಿಗೆ ಏನೂ ತಿಳಿಯದು.”

ಪೊನ್ನಮ್ಮಾಳಿನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಂಗೈ ಮಾತ್ರ ಮೆಲ್ಲಗೆ ಕಂಬಳಿ ಬಿಟ್ಟು ಮೇಲೆ ಬಂತು. ಎದ್ದು ನಿಂತಳು. ಅಂಗೈ ಊರಿದ್ದ ಜಾಗದಲ್ಲಿ ಉಣ್ಣೆ ಒಂದಿಷ್ಟು ತಗ್ಗಾಗಿತ್ತು, ಅದರ ಪಕ್ಕ ಅವಳು ಅವನಿಗೆಂದು ಬಿಟ್ಟ ಜಾಗ ಹಾಗೇ ಇತ್ತು.

“ಬಯ್ಯಬೇಡ, ಬಯ್ಯಬೇಡ,” ಎನ್ನುತ್ತ ಗಡ್ಡದ ಮನುಷ್ಯನೊಬ್ಬ ಜನರ ನಡುವಿನಿಂದ ಬಂದು ಕಾವಲಿನವನ ಭುಜ ತಟ್ಟಿದ. ಬೆರಳ ಸಂದಿಯಲ್ಲೆಲ್ಲ ಬಣ್ಣ. ಉಗುರಿನ ಬುಡದಲ್ಲಿ ನೀಲಿ. ಅದು ಅವನು ಮಾಡಿದ ಚಿತ್ರವಿರಬೇಕು, ಅದನ್ನು ತನ್ನ ಕರುವಿನಂತೆ ನೋಡಿದ. ಅವನಿಗೆ ಖುಷಿಯಾಗಿತ್ತು. “ಬೆಳಿಗ್ಗೆಯಿಂದ ಎಷ್ಟೋ ಜನ ಬಂದರು, ಎಲ್ಲ ದೂರ ನಿಂತೇ ನೋಡಿದರು. ಕಂಬಳಿಯನ್ನು ಮುಟ್ಟದೆ ಹೇಗೆ ನೋಡುವುದು? ಈ ತಾಯಿ ಒಬ್ಬರೇ ನೋಡಿದ್ದು.” ಆಮೇಲೆ ಆಂಡಿಯ ಕಡೆ ತಿರುಗಿ, ಮದುವೆಮನೆಯಲ್ಲಿ ಎಲೆಗೆ ಕರೆಯುವವನ ಹಾಗೆ, ಎರಡು ಕೈಯಿಂದಲೂ ಕಂಬಳಿಯನ್ನು ತೋರಿಸಿದ. “ಬನ್ನಿ ಅಯ್ಯಾ, ನೀವೂ ಮುಟ್ಟಿ. ನಾನೇ ಹೇಳುತ್ತಿದ್ದೇನಲ್ಲ, ಯಾರೂ ಏನೂ ಅನ್ನುವುದಿಲ್ಲ.”

ಕಾವಲಿನವನು ದಾರಿ ಬಿಟ್ಟು ನಿಂತ. ಜನ ಕಾದರು. ಕಿಟಕಿಯಾಚೆ ಕೆರೆಯ ಮೇಲಿನ ಮಂಜು ಸರಿದು, ಸ್ವಲ್ಪ ಬಿಸಿಲು ಬಂದು, ಕರಿ ಉಣ್ಣೆಯ ಎಳೆ ಎಳೆಯೂ ಕಾಣುತ್ತಿತ್ತು. ಎರಡು ಹೆಜ್ಜೆ ಇಟ್ಟು ಬಗ್ಗಿದರೆ ಆಯಿತು. ಕೈಯನ್ನು ಜೇಬಿನಿಂದ ತೆಗೆಯಬೇಕು, ಅಷ್ಟೇ. ತೆಗೆದರೆ ಉಗುರು ಕಾಣುತ್ತದೆ, ಎಂದು ಅವನಿಗೆ ಅನ್ನಿಸಿತು. ಎದುರಿಗಿರುವವನ ಉಗುರೂ ನೀಲಿಯೇ ಎಂದೂ ಅನ್ನಿಸಿತು. ಯಾರೂ ತಡೆಯುತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಕೇಳಿದ್ದರೆ ಹೇಳುತ್ತಿದ್ದೆ ಎಂಬ ಮಾತು, ಇಷ್ಟು ವರ್ಷ ಒರಗಿಕೊಂಡಿದ್ದ ಆ ಮಾತು, ಒಳಗೆಲ್ಲೋ ಬಾಯಿ ತೆರೆದು ಸುಮ್ಮನಾಯಿತು.

ಪೊನ್ನಮ್ಮಾಳ್ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ಜೆಯರಾಜನ ಮನೆಯ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಗಡ್ಡದವನಿಗೆ ಬೇಸರವಾಗಬಾರದೆಂಬಂತೆ, ಅವನಿಗೆ ತಿಳಿಯುವ ತಮಿಳಿನಲ್ಲಿ, ನಿಧಾನವಾಗಿ ಹೇಳಿದಳು:

“ಅವರು ಮುಟ್ಟೋದಿಲ್ಲ, ಸಾರ್.”

ಮತ್ತೆ, ಬಸ್ಸಿಗೆ ಹೊತ್ತಾಯಿತು ಎಂದು, ಬಾಗಿಲ ಕಡೆ ನಡೆದಳು.